ಹಾಲಿನ ಲೆಕ್ಕದ ಪಕ್ಕದ ಚುಕ್ಕೆ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರ ಒಪ್ಪಿಗೆಯೂ ಇದೆ.)

ಉಡುಪಿಯ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಆ ದಂಪತಿ ಮೊದಲ ಸಲ ಬಂದಾಗ ಇಬ್ಬರೂ ಬರಿಗೈಯಲ್ಲಿ ಬಂದಿರಲಿಲ್ಲ. ರಾಯರ ಕೈಯಲ್ಲಿ ರಟ್ಟಿನ ಪುಸ್ತಕವೊಂದಿತ್ತು. ಪುತ್ತಿಗೆ ಮಠದ ಕೋಟಿ ಗೀತಾ ಲೇಖನ ಯಜ್ಞಕ್ಕೆ ಹೆಸರು ಕೊಟ್ಟು ದಿನಕ್ಕೆ ಐದು ಶ್ಲೋಕದಂತೆ ಭಗವದ್ಗೀತೆಯನ್ನು ಬರೆಯುತ್ತಿದ್ದರು. ಅಮ್ಮ ಅಡುಗೆಮನೆಯ ಗೋಡೆಯಿಂದ ಇಳಿಸಿದ ಕ್ಯಾಲೆಂಡರನ್ನು ಸುರುಳಿ ಸುತ್ತಿ ತಂದಿದ್ದರು.

ರಾಯರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಮಗ ಬೆಂಗಳೂರಿನಲ್ಲಿ, ಫೋನ್ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದ. “ಹದಿನೇಳನೆಯ ಅಧ್ಯಾಯ ನಡೆಯುತ್ತಿದೆ ಮೇಡಂ, ಇನ್ನು ಇಪ್ಪತ್ತು ದಿನದಲ್ಲಿ ಏಳುನೂರೂ ಮುಗಿಯುತ್ತದೆ” ಎಂದರು. ಇವರು ಬಂದದ್ದು ಅದನ್ನು ಹೇಳುವುದಕ್ಕಲ್ಲವಲ್ಲ ಎಂದು ನಾನು ಅಮ್ಮನ ಮುಖ ನೋಡಿದೆ. ಅವರು ಕ್ಯಾಲೆಂಡರ್ ಬಿಚ್ಚಿದರು. ಪ್ರತಿ ಚೌಕದಲ್ಲೂ ಹಾಲಿನ ಲೆಕ್ಕ, ಕೆಲವು ಚೌಕಗಳಲ್ಲಿ ಅದರ ಪಕ್ಕಕ್ಕೆ ಪೆನ್ಸಿಲ್ಲಿನ ಪುಟ್ಟ ಚುಕ್ಕೆ. ರಾಯರು ಕೂಗಾಡಿದ ದಿನಗಳು. ಆ ತಿಂಗಳೊಂದರಲ್ಲೇ ಹದಿನಾಲ್ಕು.

ಮೊದಲು ಅಮ್ಮನನ್ನು ಒಬ್ಬರನ್ನೇ ಕೂರಿಸಿ ಮಾತನಾಡಿದೆ. ಇದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಒಮ್ಮೆ ಕಾಫಿಯ ಲೋಟ ಗೋಡೆಗೆ ಹಾರಿದ್ದು ಬಿಟ್ಟರೆ ಕೈ ಎತ್ತಿದ್ದಿಲ್ಲ, ಹೆದರಿಕೆಯಿಲ್ಲ, ಬೇಸರ ಮಾತ್ರ ಎಂದರು. ಹೆದರಿಕೆ ಇದ್ದಿದ್ದರೆ ಗೀತೆಯ ಮಾತು ಬದಿಗಿರುತ್ತಿತ್ತು. 181 ಮಹಿಳಾ ಸಹಾಯವಾಣಿಯಿಂದ ಮಾತು ಶುರುವಾಗುತ್ತಿತ್ತು. ರಾಯರಿಗೆ ಮೊದಲು ಹೇಳಿದ್ದು ರಕ್ತದೊತ್ತಡ ತೋರಿಸಿಕೊಂಡು ಬರಲು. ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತಂತೆ!

ಶಾಸ್ತ್ರವನ್ನು ನಾನಾಗಿ ಯಾರ ಮುಂದೆಯೂ ಇಡುವುದಿಲ್ಲ. ಅವರೇ ತಂದರೆ ಬದಿಗೆ ಸರಿಸುವುದೂ ಇಲ್ಲ. ಬೈಬಲ್ ಹಿಡಿದು ಬಂದವರಿದ್ದಾರೆ, ಕುರಾನಿನ ಮಾತು ಹೇಳಿ ಅತ್ತವರಿದ್ದಾರೆ. ಎಲ್ಲರಿಗೂ ಇದು ಒಗ್ಗುವುದೂ ಇಲ್ಲ: ಪಾರಾಯಣದಲ್ಲಿ ಒಂದಕ್ಷರ ತಪ್ಪಿತೆಂದು ದಿನವಿಡೀ ಮತ್ತೆ ಮತ್ತೆ ಓದುತ್ತಿದ್ದ ಹುಡುಗಿಯನ್ನು ಮನೋವೈದ್ಯರಲ್ಲಿಗೆ ಕಳಿಸಿ, ಸ್ವಲ್ಪ ಕಾಲ ಪುಸ್ತಕವನ್ನೇ ಮುಚ್ಚಿಸಬೇಕಾಗಿ ಬಂದಿತ್ತು.

ರಾಯರ ತೊಂದರೆ ಬೇರೆ. ಅವರು ಗೀತೆಯನ್ನು ಮನೆಯವರ ಮೇಲೆ ಓದುತ್ತಿದ್ದರು. ಸೊಸೆ ತಡವಾಗಿ ಎದ್ದರೆ ತಮೋಗುಣ. ಮಗ ಕಾರು ಕೊಂಡರೆ ಕಾಮ. ಹೆಂಡತಿ ಅತ್ತರೆ ಮೋಹ. “ನಾನು ಹೇಳುವುದರಲ್ಲಿ ಸುಳ್ಳೇನಿದೆ? ಸತ್ಯ ಹೇಳುವುದೂ ತಪಸ್ಸು ಎಂದು ಗೀತೆಯಲ್ಲೇ ಇದೆ” ಎಂದರು. ಎಲ್ಲಿದೆ ತೋರಿಸಿ ಎಂದೆ. ಆ ವಾರವಷ್ಟೇ ಬರೆದಿದ್ದರು, ಹದಿನೇಳನೆಯ ಅಧ್ಯಾಯದ ಹದಿನೈದನೆಯ ಶ್ಲೋಕ:

ಅನುದ್ವೇಗಕರಂ ವಾಕ್ಯಂ ಸತ್ಯಂ ಪ್ರಿಯಹಿತಂ ಚ ಯತ್ |
ಸ್ವಾಧ್ಯಾಯಾಭ್ಯಸನಂ ಚೈವ ವಾಙ್ಮಯಂ ತಪ ಉಚ್ಯತೇ ||

ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. “ಅರ್ಥ ಹೇಳಿ” ಎಂದೆ. ಕೇಳಿದವರ ಮನಸ್ಸು ಕದಡದ ಮಾತು, ಸತ್ಯವಾದ, ಪ್ರಿಯವೂ ಹಿತವೂ ಆದ ಮಾತು, ಸ್ವಾಧ್ಯಾಯದ ಅಭ್ಯಾಸ; ಇದು ಮಾತಿನ ತಪಸ್ಸು. ತಡವರಿಸದೆ ಹೇಳಿದರು. ಆ ‘ಚ’ ಏನು ಮಾಡುತ್ತಿದೆ ಎಂದು ಕೇಳಿದೆ. ವ್ಯಾಕರಣ ಬಲ್ಲವರು. “ಸಮುಚ್ಚಯ. ಎಲ್ಲವೂ ಒಟ್ಟಿಗೆ ಇರಬೇಕು” ಎಂದು ಹೇಳಿದವರು ಅಲ್ಲಿಗೇ ನಿಂತರು. ಸತ್ಯವೊಂದನ್ನೇ ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟದ್ದು ಅವರಿಗೇ ಹೊಳೆದಿತ್ತು. ದಿನವೂ ಬರೆಯುತ್ತಿದ್ದ ಸ್ವಾಧ್ಯಾಯವೂ, ಊಟದ ಹೊತ್ತಿನ ಮಾತೂ ಒಂದೇ ಶ್ಲೋಕದಲ್ಲಿ, ಒಂದೇ ತಪಸ್ಸಿನ ಹೆಸರಿನಲ್ಲಿ ಕುಳಿತಿದ್ದವು. ನಾನು ಏನನ್ನೂ ಸೇರಿಸಲಿಲ್ಲ.

ಆ ದಿನ ಕೊಟ್ಟ ಸಲಹೆ ಇಷ್ಟು. ದಿನಕ್ಕೆ ಐದು ಶ್ಲೋಕದ ಓಟ ಸಾಕು, ವಾರಕ್ಕೆ ಒಂದು. ಅದರ ಎದುರಿನ ಪುಟದಲ್ಲಿ ‘ನಾನು’ ಎಂದು ಆರಂಭವಾಗುವ ಒಂದೇ ವಾಕ್ಯ, ಆ ವಾರ ತಮ್ಮ ಮನೆಯಲ್ಲಿ ನಡೆದದ್ದರ ಬಗ್ಗೆ. ಎರಡು ತಿಂಗಳು ಮನೆಯಲ್ಲಿ ಯಾರಿಗೂ ಶ್ಲೋಕ ಹೇಳುವಂತಿಲ್ಲ, ಕ್ಷಮೆ ಕೇಳುವಾಗಲೂ. ಸಂಕಲ್ಪ ಅರ್ಧಕ್ಕೆ ನಿಂತೀತೆಂದು ಅವರಿಗೆ ಕಸಿವಿಸಿ. ಇಲ್ಲೇ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಗೀತಾಭಾಷ್ಯ ಬರೆದ ಮೇಲೂ ಅದೇ ಗೀತೆಗೆ ಮರಳಿ ತಾತ್ಪರ್ಯ ಬರೆದರಲ್ಲ, ನಿಮಗೇಕೆ ಅವಸರ ಎಂದೆ. ನಕ್ಕು ಒಪ್ಪಿದರು.

ಮೊದಲ ಎರಡು ವಾರದ ವಾಕ್ಯಗಳು ‘ನಾನು’ ಎಂದು ಆರಂಭವಾಗಿ ‘ಅವಳು’ ಎಂದು ಮುಗಿಯುತ್ತಿದ್ದವು. ಮೂರನೆಯ ವಾರಕ್ಕೆ ಅವರೇ ಹಿಂದಕ್ಕೆ ಹೋಗಿ ಎರಡನೆಯ ಅಧ್ಯಾಯದ 62, 63ನೇ ಶ್ಲೋಕಗಳನ್ನು ಆರಿಸಿಕೊಂಡಿದ್ದರು. ವಿಷಯವನ್ನು ನೆನೆಯುತ್ತ ಕುಳಿತವನಿಗೆ ಅದರ ನಂಟು, ನಂಟಿನಿಂದ ಕಾಮ, ಕಾಮದಿಂದ ಕ್ರೋಧ, ಅಲ್ಲಿಂದ ಮಂಕು, ಮರವೆ, ಬುದ್ಧಿನಾಶ. ಸಿಟ್ಟಿನ ಸರಪಳಿಯ ಕೊಂಡಿಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋಗುವ ಅಭ್ಯಾಸ ನಮ್ಮ ಕಸುಬಿನಲ್ಲೂ ಇದೆ. ಹಾಳೆಯ ಮೇಲೆ ಗೀಟು ಎಳೆದು ಮಾಡಿಸುತ್ತೇವೆ. ರಾಯರಿಗೆ ಆ ಹಾಳೆ ಬೇಕಾಗಲಿಲ್ಲ. ಬಸಳೆ ಹುಳಿಗೆ ಉಪ್ಪು ಹೆಚ್ಚಾಯಿತೆಂದು ಕೂಗಿದ ದಿನವನ್ನು ತೆಗೆದುಕೊಂಡು ಒಂದೊಂದೇ ಕೊಂಡಿ ಹಿಂದಕ್ಕೆ ಸರಿದರು.

“ಉಪ್ಪಲ್ಲ ಮೇಡಂ. ಬೆಳಗ್ಗೆ ಹತ್ತು ಗಂಟೆಯಿಂದ ಜಗಲಿಯಲ್ಲಿ ಕುಳಿತಿದ್ದೆ. ಹತ್ತಕ್ಕೆ ನಾನು ಒಳಗೆ ಬಂದರೆ ಹದಿನೆಂಟು ಜನ ಎದ್ದು ನಿಲ್ಲುತ್ತಿದ್ದರು. ಅದನ್ನೇ ನೆನೆಯುತ್ತಿದ್ದೆ.”

ಅಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಪುಟದ ಮೂಲೆಯಲ್ಲಿ ಆ ಶ್ಲೋಕಗಳನ್ನು ಮೊದಲು ಬರೆದ ತಾರೀಕು ಇತ್ತು. ರಾಯರು ತಾವಾಗಿಯೇ ಕ್ಯಾಲೆಂಡರ್ ಕೇಳಿ ಆ ಚೌಕದ ಮೇಲೆ ಬೆರಳಿಟ್ಟರು. ಚುಕ್ಕೆ ಇತ್ತು.

ಆಮೇಲೆ ಎಲ್ಲವೂ ಸಲೀಸಾಗಲಿಲ್ಲ. ಕೃಷ್ಣಾಷ್ಟಮಿಗೆ ಮಗ ಬಂದಾಗ ಎರಡೇ ದಿನದಲ್ಲಿ ಜಗಳವಾಗಿ, ಮರುದಿನದ ಉತ್ಸವ ವಿಟ್ಲಪಿಂಡಿಯ ಸಂಜೆಯೇ ಅವನು ಬಸ್ಸು ಹತ್ತಿದ. ಬೆಳಗಿನ ಹತ್ತು ಗಂಟೆಗೆ ಏನಾದರೂ ಕೆಲಸವಿರಲಿ ಎಂದಿದ್ದೆ. ಈಗ ನೆರೆಯ ಇಬ್ಬರು ಮಕ್ಕಳಿಗೆ ಆ ಹೊತ್ತಿನಲ್ಲಿ, ರಜೆಯ ದಿನಗಳಲ್ಲಿ, ಲೆಕ್ಕ ಹೇಳಿಕೊಡುತ್ತಾರೆ.

ಐದನೆಯ ಭೇಟಿಗೆ ಅಮ್ಮ ತಂದ ಪುಟದಲ್ಲಿ ನಾಲ್ಕು ಚುಕ್ಕೆಗಳಿದ್ದವು. ಮೂರು ಪೆನ್ಸಿಲ್ಲಿನವು. ನಾಲ್ಕನೆಯದು ನೀಲಿ ಶಾಯಿಯದು.

“ಇದು ನಾನು ಹಾಕಿದ್ದಲ್ಲ, ಅವತ್ತು ಇವರು ಕೂಗಲೇ ಇಲ್ಲ” ಎಂದರು ಅಮ್ಮ.

“ಬಾಯಲ್ಲಿ ಕೂಗಲಿಲ್ಲ” ಎಂದರು ರಾಯರು.

ಮುಂದಿನ ಭೇಟಿ ಮಗನ ಜೊತೆ, ವಿಡಿಯೋ ಕರೆಯಲ್ಲಿ. ಅವನು ಇನ್ನೂ ಹೂಂ ಎಂದಿಲ್ಲ.