ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ಸಹಾಯ ಪಡೆಯಬಹುದೇ?

ಸಾಯುವ ಯೋಚನೆ ಬರುತ್ತಿದೆ, ಕೈಗೆ ಗಾಯ ಮಾಡಿಕೊಳ್ಳುತ್ತಿದ್ದೇನೆ, ಮನೆಯಲ್ಲಿ ಯಾರಿಗೂ ತಿಳಿಯದಂತೆ ಸಹಾಯ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. 2018ರಲ್ಲಿ, ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಮೂರು ವಿಷಯ ಉಳಿಸಿಕೊಂಡು ಊರಿಗೆ ಬಂದ ನಾನು ಹುಡುಕುತ್ತಿದ್ದುದೂ ಅದನ್ನೇ. (ಕಾರಣ ಪರೀಕ್ಷೆಯೊಂದೇ ಆಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.)

ನಾನು ವೈದ್ಯರ ಬಳಿಗೆ ಹೋಗದೆ ಕುಳಿತವನಲ್ಲ. ಮೂರು ಸಲ ಹೋದೆ. ಹೋಗಿ, ನಿದ್ರೆ ಬರುವುದಿಲ್ಲ, ಎದೆಯುರಿ, ಊಟ ಸೇರುವುದಿಲ್ಲ ಎಂದೆ. ಇದರಲ್ಲಿ ಒಂದೂ ಸುಳ್ಳಾಗಿರಲಿಲ್ಲವಾದ್ದರಿಂದ ಎಲ್ಲವನ್ನೂ ಹೇಳಿಬಿಟ್ಟೆನೆಂಬ ಸಮಾಧಾನ ನನಗಿತ್ತು. ಬಿ.ಪಿ. ನೋಡಲು ತೋಳು ಮಡಿಸೆಂದಾಗ ಗಾಯವಿಲ್ಲದ ಬಲಗೈಯನ್ನು ಚಾಚಿದೆ. ಎರಡನೆಯ ಸಲ ಅವರು ಕೇಳುವ ಮೊದಲೇ ಬಲತೋಳು ಮಡಿಸಿಕೊಂಡು ಒಳಗೆ ಹೋಗಿದ್ದೆ. ಅವರು ಗ್ಯಾಸ್ಟ್ರಿಕ್ ಮಾತ್ರೆ ಬರೆದರು. ಹೇಳಿದ ಕಾಯಿಲೆಗೆ ತಾನೇ ಔಷಧಿ ಕೊಡುವುದು? ನಾನು ಮಾತ್ರ, ವೈದ್ಯರಿಗೆ ತೋರಿಸಿದರೂ ಗುಣವಾಗಲಿಲ್ಲ, ಇನ್ನು ದಾರಿಯಿಲ್ಲವೆಂದು ತೀರ್ಮಾನಿಸಿಬಿಟ್ಟೆ. ಮುಚ್ಚಿಟ್ಟವನು ನಾನು, ಸೋತದ್ದು ಚಿಕಿತ್ಸೆ ಎಂದುಕೊಂಡೆ. ಎಂಟು ತಿಂಗಳ ಜೊತೆಗೆ ಓದಿನ ಒಂದು ವರ್ಷವೂ ಹೀಗೆ ಹೋಯಿತು.

ಯುಗಾದಿಗೆ ತವರಿಗೆ ಬಂದ ಅಕ್ಕ, ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟಿದ್ದ ನನ್ನನ್ನು ಹಿತ್ತಲಿಗೆ ಕರೆದು, “ಸಾಯ್ಬೇಕು ಅನ್ನಿಸ್ತಿದೆಯೇನೋ?” ಎಂದು ನೇರವಾಗಿ ಕೇಳಿದಳು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಜನ ಹೆದರುತ್ತಾರೆ. ನನಗೆ ಅಂದು ಉಸಿರು ತಿರುಗಿ ಬಂದಂತಾಯಿತು. ಮರುವಾರ ಜಿಲ್ಲಾಸ್ಪತ್ರೆಯ ಮನೋವೈದ್ಯರೆದುರು ಕುಳಿತಾಗ ಮಾತೇ ಹೊರಡದೆ, ಓ.ಪಿ. ಚೀಟಿಯ ಹಿಂದೆ ‘ಸಾಯುವ ಯೋಚನೆ ಬರುತ್ತಿದೆ. ಕೈಗೆ ಗಾಯ ಮಾಡಿಕೊಳ್ಳುತ್ತಿದ್ದೇನೆ’ ಎಂದು ಎರಡು ಸಾಲು ಬರೆದು ಅವರ ಕೈಗಿತ್ತೆ. ನೀವೂ ಹಾಗೆಯೇ ಮಾಡಿ. ಆ ಎರಡು ಸಾಲು ಮೊದಲು, ನಿದ್ರೆ, ಎದೆಯುರಿ ಆಮೇಲೆ.

ಆದ್ದರಿಂದ ‘ಯಾರಿಗೂ ತಿಳಿಯದಂತೆ’ ಎಂಬ ನಿಮ್ಮ ಷರತ್ತನ್ನು ನಾನು ಒಪ್ಪುವುದಿಲ್ಲ. ಇಡೀ ಮನೆಗೆ ತಿಳಿಯಬೇಕಿಲ್ಲ, ಅಪ್ಪನಿಗೆ ನಾನು ಹೇಳಿದ್ದು ಆರು ತಿಂಗಳಾದ ಮೇಲೆ. ಆದರೆ ಒಬ್ಬರಿಗೆ ತಿಳಿದಿರಲೇಬೇಕು. ನನ್ನ ಮಾತ್ರೆಗಳನ್ನು ಅಕ್ಕ ತನ್ನ ಬೀರುವಿನಲ್ಲಿಟ್ಟು ದಿನದ್ದನ್ನಷ್ಟೇ ಕೊಡುತ್ತಿದ್ದಳು. ಅಪಾಯ ಮಾಡಬಹುದಾದ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳುವುದು ಗುಟ್ಟಿನಲ್ಲಿ ಒಬ್ಬರೇ ಮಾಡುವ ಕೆಲಸವಲ್ಲ. ಅಮ್ಮ ಹೊತ್ತ ಹರಕೆಯನ್ನು ನಾನು ಹೀಗಳೆಯುವುದಿಲ್ಲ, ಆದರೆ ಮಾತ್ರೆಯನ್ನು ಅದಕ್ಕಾಗಿ ಬಿಡಲಿಲ್ಲ.

ಪೊಲೀಸರ ಭಯವಿದ್ದರೆ ಬಿಡಿ. ಇಂಥ ಯೋಚನೆ ಅಪರಾಧವಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೇಳುತ್ತದೆ.

ನನ್ನ ಕಾಲದಲ್ಲಿ ಇಲ್ಲದ ಒಂದು ಅನುಕೂಲ ನಿಮಗಿದೆ: 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ರಾತ್ರಿಯನ್ನೇ ದಾಟಲಾರೆ ಎನಿಸುತ್ತಿದ್ದರೆ ಈ ಉತ್ತರವನ್ನು ಇಲ್ಲಿಗೇ ಬಿಟ್ಟು, ಮನೆಯಲ್ಲಿರುವ ಯಾರನ್ನಾದರೂ ಎಬ್ಬಿಸಿ, 112ಕ್ಕೆ ಕರೆ ಮಾಡಿ ಅಥವಾ ಅವರನ್ನು ಜೊತೆಗೆ ಕರೆದುಕೊಂಡು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ.