ಓದುಗರ ಪ್ರಶ್ನೆ: ಭತ್ತದ ಗದ್ದೆಯಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆ

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮದು ಒಕ್ಕಲು ಮನೆತನ. ಭತ್ತದ ಬೇಸಾಯಕ್ಕೆ ಸಂಬಂಧಿಸಿದ ವಿಷಯದಲ್ಲಿ ಪಿಎಚ್.ಡಿ. ಮಾಡುವ ಆಸೆಯಿದೆ. ಅದು ಕೃಷಿ ವಿಜ್ಞಾನವೇ ಹೊರತು ಸಂಖ್ಯಾಶಾಸ್ತ್ರವಲ್ಲ, ಮುಂದೆ ಎರಡೂ ಕಡೆಯವರು ನಿನ್ನನ್ನು ತಮ್ಮವನೆನ್ನುವುದಿಲ್ಲ ಎಂದು ಹಿರಿಯ ವಿದ್ಯಾರ್ಥಿಗಳು ಎಚ್ಚರಿಸುತ್ತಾರೆ. ಏನು ಮಾಡಲಿ?
– ಓರ್ವ ಓದುಗ, ಮಂಡ್ಯ

ಉತ್ತರ: ಅವರ ಮಾತಿನ ಮೊದಲ ಭಾಗವನ್ನು ನಾನು ಒಪ್ಪುವುದಿಲ್ಲ. ನೀವು ತರಗತಿಯಲ್ಲಿ ಕಲಿತ ಅನೋವಾ, ಅಂದರೆ ಅಂಕಿಗಳ ಏರುಪೇರನ್ನು ಕಾರಣಗಳಿಗೆ ತಕ್ಕಂತೆ ಬಿಡಿಸಿ ನೋಡುವ ವಿಧಾನ, ಬೆಳೆದದ್ದೇ ಹೊಲದ ಲೆಕ್ಕದಿಂದ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್, ಗೊಬ್ಬರ ಮತ್ತು ಇಳುವರಿಯ ಅಂಕಿಗಳನ್ನು ಬಿಡಿಸುತ್ತಲೇ ಪ್ರಯೋಗ ವಿನ್ಯಾಸದ ಶಾಸ್ತ್ರವನ್ನು ಕಟ್ಟಿದರು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರೂ ಕೇಂಬ್ರಿಜ್‌ಗೆ ಹೋದದ್ದು ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸಕ್ಕಾಗಿ.

ನಿಮ್ಮ ಊರಿನ ಗದ್ದೆಯನ್ನೇ ನೋಡಿ. ಮೂರು ಬಗೆಯ ನೀರಾವರಿಯಲ್ಲಿ ಐದು ತಳಿಗಳನ್ನು ಹೋಲಿಸಬೇಕು, ಇಡೀ ಹೋಲಿಕೆ ನಾಲ್ಕು ಸಲ ಪುನರಾವರ್ತನೆಯಾಗಬೇಕು ಎಂದುಕೊಳ್ಳಿ. ಪಕ್ಕಪಕ್ಕದ ಸಣ್ಣ ಪಾತಿಗಳಿಗೆ ಬೇರೆಬೇರೆ ಪ್ರಮಾಣದಲ್ಲಿ ನೀರು ಹಾಯಿಸಿದರೆ ಬದುವಿನಡಿ ಜಿನುಗಿ ಎಲ್ಲವೂ ಒಂದಾಗುತ್ತದೆ. ಆದ್ದರಿಂದ 12 ದೊಡ್ಡ ತಾಕುಗಳಿಗೆ ನೀರಿನ ಕ್ರಮವನ್ನು ಹಂಚಿ, ಪ್ರತಿಯೊಂದರೊಳಗೆ ಐದು ತಳಿಗಳನ್ನು ನಾಟಿ ಮಾಡುತ್ತಾರೆ. ಪಾತಿಗಳು 60 ಆದರೂ, ನೀರಿನ ವಿಷಯದಲ್ಲಿ ಸ್ವತಂತ್ರವಾಗಿ ಸಾಕ್ಷಿ ಹೇಳುವುದು ಆ 12 ತಾಕುಗಳು ಮಾತ್ರ. ಇದನ್ನು ಮರೆತು ಎಲ್ಲಕ್ಕೂ ಒಂದೇ ದೋಷಪದವನ್ನು (ಆಕಸ್ಮಿಕ ಏರುಪೇರಿನ ಅಂದಾಜನ್ನು) ಬಳಸಿದರೆ, ಇಲ್ಲದ ವ್ಯತ್ಯಾಸ ಇದೆಯೆಂದು ತೋರುವ ಅಪಾಯ ಹೆಚ್ಚುತ್ತದೆ. ಅದನ್ನು ನಂಬಿ ನಾಲೆಯ ನೀರನ್ನು ಕಡಿಮೆ ಮಾಡಿದ ರೈತ ಒಂದು ಬೆಳೆಯನ್ನೇ ಕಳೆದುಕೊಳ್ಳಬಹುದು. ಇಷ್ಟು ಪಠ್ಯದಲ್ಲಿಯೇ ಇದೆ. ಆದರೆ ಕೆಲವು ಪಾತಿಗಳು ರೋಗಕ್ಕೆ ತುತ್ತಾಗಿ, ನಾಲೆಯ ತುದಿಯ ತಾಕುಗಳಿಗೆ ನೀರು ತಡವಾಗಿ ತಲುಪಿ, ಮಣ್ಣಿನ ಗುಣ ಒಂದು ಬದಿಯಿಂದ ಇನ್ನೊಂದಕ್ಕೆ ಬದಲಾಗುತ್ತಾ ಹೋದಾಗ ಪಠ್ಯದ ಸೂತ್ರ ಸಾಲದೆ ಬರುತ್ತದೆ, ಮತ್ತು ನಿಮ್ಮ ಪ್ರಬಂಧ ಶುರುವಾಗಬೇಕಾದದ್ದು ಅಲ್ಲಿಯೇ.

ಎರಡೂ ಕಡೆಯವರಿಗೆ ಬೇಡವಾಗುವ ಭಯ ಮಾತ್ರ ನಿರಾಧಾರವಲ್ಲ. ಸಿದ್ಧ ಸಾಫ್ಟ್‌ವೇರ್‌ಗೆ ಅಂಕಿಗಳನ್ನು ತುಂಬಿ ಕೋಷ್ಟಕ ತೆಗೆಯುವುದಷ್ಟೇ ನಿಮ್ಮ ಕೆಲಸವಾದರೆ ಅದು ಸಂಖ್ಯಾಶಾಸ್ತ್ರದ ಸಂಶೋಧನೆಯಾಗುವುದಿಲ್ಲ. ಮುಖ್ಯ ಮಾರ್ಗದರ್ಶಕರು ನಿಮ್ಮ ವಿಭಾಗದವರೇ ಆಗಿರಲಿ. ಬೇಸಾಯಶಾಸ್ತ್ರ ಬಲ್ಲವರೊಬ್ಬರು ಸಹ ಮಾರ್ಗದರ್ಶಕರಾಗಲು ನಿಯಮ ಅವಕಾಶ ಕೊಡುತ್ತದೆಯೇ ಎಂಬುದನ್ನು ನೋಂದಣಿಗೆ ಮೊದಲೇ ಕೇಳಿ, ಅಂಕಿಗಳ ಬಳಕೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೋರ್ಸ್‌ವರ್ಕ್‌ನಲ್ಲಿ ತಾಕು ಮತ್ತು ಪಾತಿ ಎರಡೂ ಹಂತಗಳ ಏರುಪೇರನ್ನು ಒಟ್ಟಿಗೆ ಲೆಕ್ಕಿಸುವ ಮಿಶ್ರ ಪರಿಣಾಮ ಮಾದರಿಗಳನ್ನೂ, ಜಾಗದಿಂದ ಜಾಗಕ್ಕೆ ಆಗುವ ಬದಲಾವಣೆಯನ್ನು ಲೆಕ್ಕಿಸುವ ಪ್ರಾದೇಶಿಕ (ಸ್ಪೇಷಿಯಲ್) ಸಂಖ್ಯಾಶಾಸ್ತ್ರವನ್ನೂ ಓದಲು ಸಾಧ್ಯವಾದರೆ ಬಿಡಬೇಡಿ.

ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿಗೆ ಬರುವುದು ಬಹಳ ಸಲ ಶವಪರೀಕ್ಷೆಗೆ ಕರೆದಂತೆ ಎಂದು ಫಿಶರ್ 1938ರಲ್ಲಿ ಕಲ್ಕತ್ತೆಯ ಸಮ್ಮೇಳನದಲ್ಲಿ ಹೇಳಿದ್ದರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ನಿಮ್ಮ ಊರಿಗೆ ಹತ್ತಿರವೇ ಇದೆ. ಮುಂಗಾರಿನ ನಾಟಿಗೆ ಮೊದಲು, ಯಾವ ತಾಕಿಗೆ ಯಾವ ತಳಿ ಎಂದು ನಿರ್ಧರಿಸುವ ಹೊತ್ತಿಗೆ, ಅನುಮತಿ ಪಡೆದು ಅಲ್ಲಿಗೆ ಹೋಗಿ.