ನಿದ್ದೆ ಮಾತ್ರೆ ಬಿಡಿಸಲು ಉಪವಾಸ ಪ್ರಾರ್ಥನೆಯೊಂದೇ ಸಾಕೇ?

ಪ್ರಶ್ನೆ: ನಾವು ಬೆಳಗಾವಿಯ ಕ್ರೈಸ್ತ ಕುಟುಂಬದವರು. ದ್ವಿತೀಯ ಪಿಯುಸಿ ಓದುತ್ತಿರುವ 17 ವರ್ಷದ ಮಗ ವರ್ಷದಿಂದ ಗಾಂಜಾ ಸೇದುತ್ತಿದ್ದು, ಏಳೆಂಟು ತಿಂಗಳಿಂದ ದಿನವೂ ಆಲ್ಪ್ರಜೋಲಾಮ್ ಎಂಬ ನಿದ್ದೆ ಮಾತ್ರೆಗಳನ್ನೂ ನುಂಗುತ್ತಿದ್ದಾನೆ. ಈಗ ತಾನಾಗಿಯೇ ಅತ್ತು, ಬಿಡುತ್ತೇನೆ ಎಂದಿದ್ದಾನೆ. ಆಸ್ಪತ್ರೆ ಬೇಡ, ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿ ಉಪವಾಸ ಪ್ರಾರ್ಥನೆಗೆ ಕರೆದೊಯ್ಯಿರಿ ಎನ್ನುತ್ತಾರೆ ಬಂಧುಗಳು. ಏನು ಮಾಡಲಿ?

ಉತ್ತರ: ಪ್ರಾರ್ಥನೆಗೆ ಖಂಡಿತ ಕರೆದೊಯ್ಯಿರಿ, ಆದರೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಆಲ್ಪ್ರಜೋಲಾಮ್‌ಗೆ ಒಗ್ಗಿಕೊಂಡ ಮಿದುಳಿಗೆ ಅದು ಹಠಾತ್ತನೆ ಸಿಗದೆ ಹೋದರೆ ನಡುಕ, ವಿಪರೀತ ತಳಮಳ, ಕೆಲವೊಮ್ಮೆ ಜೀವಕ್ಕೇ ಕುತ್ತಾಗುವ ಫಿಟ್ಸ್ ಬರಬಹುದು. ಆ ನಡುಕವನ್ನು ದೆವ್ವದ ಕಾಟವೆಂದು ಭಾವಿಸಿ ರಾತ್ರಿಯೆಲ್ಲ ಕಾದು ಕುಳಿತರೆ ಚಿಕಿತ್ಸೆಯ ಸಮಯವೇ ಕೈತಪ್ಪುತ್ತದೆ. ವೈದ್ಯರು ವಾರಗಳ ಅವಧಿಯಲ್ಲಿ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಗಾಂಜಾ ಬಿಟ್ಟಾಗ ಸಿಡುಕು, ನಿದ್ರಾಹೀನತೆ, ಹಸಿವಿಲ್ಲದಿರುವುದು ಮೊದಲ ವಾರ ಹೆಚ್ಚಾಗಿದ್ದು, ಸಾಮಾನ್ಯವಾಗಿ ಎರಡು ವಾರಗಳಲ್ಲಿ ತಗ್ಗುತ್ತವೆ. ಅದಕ್ಕೆ ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ.

ಬೆಳಗಾವಿಯ ಸರ್ಕಾರಿ ಬಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಿಲ್ಲ. ಹೊರಡುವ ಮುನ್ನ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲಿರುಳು ಉಚಿತ. ಪೊಲೀಸರ ಭಯದಿಂದ ಹಿಂಜರಿಯಬೇಡಿ: ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕವಸ್ತು ಸೇವನೆಯ ಪ್ರಕರಣದಲ್ಲಿ 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ (ಎನ್‌ಡಿಪಿಎಸ್) 64ಎ ಕಲಮು ರಕ್ಷಣೆ ನೀಡುತ್ತದೆ.

ವಿಶ್ವಾಸದ ನಿಜವಾದ ಕೆಲಸ ದೇಹ ತಹಬಂದಿಗೆ ಬಂದ ಮೇಲಿನದು, ಮತ್ತು ಅದು ಔಷಧದಿಂದ ಆಗದ ಕೆಲಸ. ಸಂಜೆಯಾದೊಡನೆ ಹಳೆಯ ಗೆಳೆಯರ ಕರೆ ಬರುವ ಹೊತ್ತಿಗೆ ಅವನಿಗೆ ಹೋಗಲು ಬೇರೊಂದು ಜಾಗ ಬೇಕು. ಯುವಜನ ಸಂಘ, ಗಾಯನ ಮಂಡಳಿ, ಮನಬಿಚ್ಚಿ ಮಾತನಾಡಬಲ್ಲ ಒಬ್ಬ ಹಿರಿಯರು ಆ ಜಾಗವಾಗಬಲ್ಲರು. ನಾನು ಒತ್ತಿ ಹೇಳುವ ಮಾತೊಂದಿದೆ: ಎರಡೇ ವಾರದಲ್ಲಿ ಅವನನ್ನು ಸಭೆಯ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಬೇಡಿ. ಈ ವ್ಯಸನದಲ್ಲಿ ಮತ್ತೆ ಜಾರುವುದು ಅಪರೂಪವಲ್ಲ. ಎಲ್ಲರೆದುರು ಗುಣವಾದೆನೆಂದು ಹೇಳಿದ ಹುಡುಗ ಜಾರಿದಾಗ ನಾಚಿಕೆಯಿಂದ ನಿಮ್ಮಿಂದಲೂ ಚರ್ಚಿನಿಂದಲೂ ಅಡಗಿಕೊಳ್ಳುತ್ತಾನೆ. ಯೇಸು ಹೇಳಿದ ದುಂದುಗಾರ ಮಗನ ಕಥೆಯಲ್ಲಿ ತಂದೆ ಮಗನಿಂದ ಲೆಕ್ಕ ಕೇಳಲಿಲ್ಲ, ಅವನಿನ್ನೂ ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡ.

ಸಭಾಪಾಲಕರಿಗೂ ಇದನ್ನು ತಿಳಿಸಿ, ಸಾಧ್ಯವಾದರೆ ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗ ನುಂಗುತ್ತಿದ್ದ ಮಾತ್ರೆಯ ಸ್ಟ್ರಿಪ್ ಅನ್ನು ಎಸೆಯದೆ ಜೊತೆಗೆ ಒಯ್ಯಿರಿ; ಎಷ್ಟು ಪ್ರಮಾಣದಿಂದ ಇಳಿಸಲು ಆರಂಭಿಸಬೇಕೆಂದು ವೈದ್ಯರು ತೀರ್ಮಾನಿಸಲು ಅದು ಬೇಕಾಗುತ್ತದೆ.